ತಾಮ್ರದ ನಾಣ್ಯದಲ್ಲಿ ಓಡುವ ದೇವರು ಯಾರು?

ಕೆಂಗೇರಿ ಉಪನಗರದಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಅವರ ಮಗನಿಗೆ ಸೋದರಮಾವ ಒಂದು ಹಳೆಯ ತಾಮ್ರದ ನಾಣ್ಯ ಕೊಟ್ಟಿದ್ದಾರೆ. ಸೇನೆಯಲ್ಲಿದ್ದ ಅವರು ಅದನ್ನು ಬಹಳ ವರ್ಷಗಳ ಹಿಂದೆ ದೆಹಲಿಯ ಬೀದಿ ವ್ಯಾಪಾರಿಯೊಬ್ಬನಿಂದ ಕೊಂಡಿದ್ದರಂತೆ. ಪತ್ರದ ಜೊತೆಗೆ ನಾಣ್ಯದ ಎರಡೂ ಮುಖಗಳ ಫೋಟೊ ಇದೆ. ಹುಡುಗ ಹತ್ತಿರದ ಚಿನ್ನಬೆಳ್ಳಿ ಅಂಗಡಿಯಲ್ಲಿ ತೂಕ ಹಾಕಿಸಿದ್ದಾನೆ, ಸ್ಕೇಲಿಟ್ಟು ಅಳೆದಿದ್ದಾನೆ: ತೂಕ 16.3 ಗ್ರಾಂ, ಅಗಲ 25 ಮಿಲಿಮೀಟರ್. ಅವರು ಕೇಳಿರುವ ಪ್ರಶ್ನೆಗಳು ಮೂರು. ಇದು ಯಾರ ಕಾಲದ ನಾಣ್ಯ? ಶಾಲೆಯ ವಸ್ತುಪ್ರದರ್ಶನದಲ್ಲಿ ಇಡುವ ಮುಂಚೆ ಹುಣಸೆಹಣ್ಣು ಹಾಕಿ ಬೆಳಗಬಹುದೇ? ಮಾರಿದರೆ ಎಷ್ಟು ಬಂದೀತು?

ಎರಡನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡಬೇಕು. ಏಕೆಂದರೆ ಅದು ತಡವಾದರೆ ಮೊದಲನೆಯ ಪ್ರಶ್ನೆಗೆ ಉತ್ತರವೇ ಸಿಗದೆ ಹೋಗಬಹುದು.

ಬೆಳಗಬೇಡಿ

ನಮ್ಮ ಮನೆಗಳಲ್ಲಿ ತಾಮ್ರದ ಚೊಂಬು, ಪೂಜೆಯ ಪಂಚಪಾತ್ರೆ ಕಪ್ಪಾದರೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುತ್ತೇವೆ. ಹುಣಸೆಯ ಹುಳಿ ತಾಮ್ರದ ಮೇಲಿನ ಪದರವನ್ನು ಕರಗಿಸುತ್ತದೆ, ಕೆಳಗಿನ ಹೊಸ ಲೋಹ ಹೊಳೆಯುತ್ತದೆ. ಚೊಂಬಿಗೆ ಇದರಿಂದ ನಷ್ಟವಿಲ್ಲ. ನಾಣ್ಯದ ಕಥೆ ಬೇರೆ. ನೂರಾರು ವರ್ಷ ಮಣ್ಣಿನಲ್ಲಿದ್ದ ತಾಮ್ರದ ಮೇಲೆ ಹಸಿರೋ ಕಂದೋ ಆದ ಗಟ್ಟಿ ಪದರವೊಂದು ಕೂತಿರುತ್ತದೆ. ಎಷ್ಟೋ ನಾಣ್ಯಗಳಲ್ಲಿ ಅಕ್ಷರದ ಅಂಚು, ಮುಖದ ಗೆರೆ ಉಳಿದಿರುವುದು ಆ ಪದರದಲ್ಲೇ. ಒಳಗಿನ ಲೋಹ ಸವೆದುಹೋಗಿರುತ್ತದೆ. ಪದರ ತೆಗೆದರೆ ಅಕ್ಷರವೂ ಹೋಗುತ್ತದೆ. ಉಪ್ಪಿನಿಂದ ಇನ್ನೊಂದು ಅಪಾಯ: ಅದರ ಅಂಶ ಲೋಹದೊಳಗೆ ಸೇರಿಕೊಂಡು, ತೇವ ಸಿಕ್ಕಾಗಲೆಲ್ಲ ತಿಳಿಹಸಿರು ಪುಡಿಯಾಗಿ ಹೊರಬಂದು ನಾಣ್ಯವನ್ನು ಒಳಗಿಂದಲೇ ತಿನ್ನುತ್ತದೆ.

ಆದ್ದರಿಂದ ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ಕೊಡವಿ, ಅಷ್ಟು ಸಾಕು. ನಾಣ್ಯದ ಅಂಚನ್ನು ಮಾತ್ರ ಹಿಡಿಯಿರಿ. ಮೆತ್ತನೆಯ ಪ್ಲಾಸ್ಟಿಕ್ ಜೇಬುಗಳಲ್ಲಿ ಇಡುವುದಕ್ಕಿಂತ ಒಣಗಿದ ಕಾಗದದ ಲಕೋಟೆ ಮೇಲು. ಅಕ್ಷರ ಕಾಣದಿದ್ದರೆ ಉಜ್ಜುವುದಲ್ಲ, ಬೆಳಕನ್ನು ಬದಲಿಸಿ. ಕೋಣೆ ಕತ್ತಲು ಮಾಡಿ, ನಾಣ್ಯದ ಪಕ್ಕದಿಂದ, ಮೇಜಿನ ಮಟ್ಟದಲ್ಲೇ ಟಾರ್ಚ್ ಹಿಡಿದು ನಿಧಾನವಾಗಿ ಸುತ್ತ ತಿರುಗಿಸಿ. ಬೀಳುವ ನೆರಳಿನಲ್ಲಿ ಸವೆದ ಗೆರೆಗಳು ಎದ್ದು ಕಾಣುತ್ತವೆ. ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೊ ತೆಗೆದರೆ ಇನ್ನೂ ಒಳ್ಳೆಯದು.

ಮೊದಲು ತೂಕ, ಆಮೇಲೆ ಚಿತ್ರ

ನಾಣ್ಯ ಕೈಗೆ ಬಂದಾಗ ಎಲ್ಲರೂ ಚಿತ್ರವನ್ನೇ ಮೊದಲು ನೋಡುತ್ತಾರೆ. ನಾಣ್ಯಶಾಸ್ತ್ರ ಬಲ್ಲವರು ತಕ್ಕಡಿಯನ್ನು ನೋಡುತ್ತಾರೆ. ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ತೂಕ ಮಾತ್ರ ಆಯಾ ರಾಜ್ಯದ ಟಂಕಸಾಲೆಯ ಕಟ್ಟಳೆ. ಬ್ಯಾಕ್ಟ್ರಿಯಾದ ಗ್ರೀಕ್ ರಾಜರ ದೊಡ್ಡ ಬೆಳ್ಳಿ ನಾಣ್ಯ ಸುಮಾರು 17 ಗ್ರಾಂ ತೂಗುತ್ತಿತ್ತು. ಅವರ ವಂಶದವರು ಹಿಂದೂಕುಶ್ ಪರ್ವತ ದಾಟಿ ಇತ್ತ ಬಂದಾಗ, ಇಲ್ಲಿಯ ವ್ಯವಹಾರಕ್ಕೆ ಹೊಂದುವಂತೆ ಸುಮಾರು ಎರಡೂವರೆ ಗ್ರಾಂನ ದ್ರಖ್ಮವನ್ನು ಅಚ್ಚು ಹಾಕಿದರು. ಕೆಲವನ್ನು ಇಲ್ಲಿಯ ರೂಢಿಯಂತೆ ಚೌಕಾಕಾರದಲ್ಲಿ ಮಾಡಿದರು. ಈ ದ್ರಖ್ಮ ಎಂಬ ಗ್ರೀಕ್ ಪದವೇ ನಮ್ಮ ಹಳಗನ್ನಡ ಶಾಸನಗಳಲ್ಲಿ ಗದ್ಯಾಣ, ಪಣಗಳ ಸಾಲಿನಲ್ಲಿ ಕಾಣುವ ‘ದ್ರಮ್ಮ’. ನಾಣ್ಯ ಬರದ ಊರಿಗೂ ನಾಣ್ಯದ ಹೆಸರು ಬಂದು ಸೇರಿತು.

ಕೆಂಗೇರಿಯ ಹುಡುಗನ ನಾಣ್ಯ ತಾಮ್ರದ್ದು, ದಪ್ಪ, 16 ಗ್ರಾಂಗಿಂತ ತುಸು ಹೆಚ್ಚು. ಕುಶಾನ ದೊರೆ ಕನಿಷ್ಕನ ದೊಡ್ಡ ತಾಮ್ರದ ನಾಣ್ಯಗಳು ಸುಮಾರು 16ರಿಂದ 17 ಗ್ರಾಂ ಇರುತ್ತವೆ. ಅವನ ನಂತರದ ಹುವಿಷ್ಕನ ಕಾಲದಲ್ಲಿ ತೂಕ ಇಳಿಯುತ್ತ ಹೋಯಿತು. ಹೀಗೆ ಚಿತ್ರ ನೋಡುವ ಮುನ್ನವೇ ತಕ್ಕಡಿ ಒಂದು ದಾರಿ ತೋರಿಸಿತು. ಆದರೆ ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು. ಈಗ ಚಿತ್ರ ನೋಡೋಣ.

ಕೋಟು ತೊಟ್ಟ ರಾಜ

ಒಂದು ಮುಖದಲ್ಲಿ ಮೊಳಕಾಲು ದಾಟಿದ ಉದ್ದ ಕೋಟು, ದಪ್ಪ ಬೂಟು ತೊಟ್ಟ ಗಡ್ಡದ ಗಂಡಸು ನಿಂತಿದ್ದಾನೆ. ಎಡಗೈಯಲ್ಲಿ ಈಟಿ, ಬಲಗೈ ಕೆಳಗಿರುವ ಪುಟ್ಟ ಅಗ್ನಿವೇದಿಕೆಯ ಮೇಲಿದೆ. ಈ ಉಡುಪು ನಮ್ಮ ಸೆಖೆಯ ನಾಡಿನದಲ್ಲ, ಕುದುರೆಯ ಮೇಲೆ ಓಡಾಡುವ ಚಳಿ ದೇಶದವರದು. ಮಥುರೆಯ ವಸ್ತುಸಂಗ್ರಹಾಲಯದಲ್ಲಿರುವ, ತಲೆಯಿಲ್ಲದ ಕನಿಷ್ಕನ ಪ್ರತಿಮೆಯ ಚಿತ್ರವನ್ನು ವಿದ್ಯಾರ್ಥಿಗಳು ಇತಿಹಾಸದ ಪುಸ್ತಕದಲ್ಲಿ ನೋಡಿರಬಹುದು. ಅದೇ ಕೋಟು, ಅದೇ ಬೂಟು.

ಕುಶಾನರು ಯೂಚಿ ಎಂಬ ಬುಡಕಟ್ಟಿನ ಒಂದು ಕವಲು. ಯೂಚಿಗಳು ಚೀನಾದ ಗಡಿಯ ಹುಲ್ಲುಗಾವಲಿನಿಂದ ಪಶ್ಚಿಮಕ್ಕೆ ಸರಿದು, ಇಂದಿನ ಉತ್ತರ ಅಫ್ಘಾನಿಸ್ತಾನ, ಉಜ್ಬೇಕಿಸ್ತಾನ, ತಜಿಕಿಸ್ತಾನಗಳಿಗೆ ಹರಡಿದ್ದ ಬ್ಯಾಕ್ಟ್ರಿಯಾದಲ್ಲಿ ನೆಲೆಸಿದರು. ಮುಂದೆ ಅವರ ರಾಜ್ಯ ಪೆಷಾವರ, ಮಥುರೆಗಳವರೆಗೆ ಬೆಳೆಯಿತು. ಕನಿಷ್ಕ ಪಟ್ಟಕ್ಕೆ ಬಂದದ್ದು ಕ್ರಿ.ಶ. 78ರಲ್ಲಿ, ಶಕ ವರ್ಷ ಅವನಿಂದಲೇ ಆರಂಭ ಎಂದು ಹಿಂದಿನ ಪುಸ್ತಕಗಳಲ್ಲಿ ಓದಿದ್ದೆವು. ಈಗ ಹೆಚ್ಚಿನ ವಿದ್ವಾಂಸರು ಒಪ್ಪುವ ವರ್ಷ ಕ್ರಿ.ಶ. 127. ಮಕ್ಕಳ ಪುಸ್ತಕದಲ್ಲಿ ಬೇರೆ ಇಸವಿ ಕಂಡರೆ ತಂದೆತಾಯಿಯರು ಗಾಬರಿಯಾಗಬೇಕಿಲ್ಲ.

ಕೋಟು ತೊಟ್ಟು ವೇದಿಕೆಯ ಮುಂದೆ ನಿಂತವರೆಲ್ಲ ಕನಿಷ್ಕರಲ್ಲ. ತಾಮ್ರದ ನಾಣ್ಯಗಳಲ್ಲಿ ಅವರನ್ನು ಬೇರ್ಪಡಿಸಲು ಸರಳವಾದ ಗುರುತುಗಳಿವೆ. ಹಿಂಬದಿಯಲ್ಲಿ ಗೂಳಿಯೊಂದಿಗೆ ಶಿವನಂಥ ದೇವರಿದ್ದು, ಸುತ್ತ ಖರೋಷ್ಠಿ ಲಿಪಿಯ ಬರಹವಿದ್ದರೆ ಅದು ಕನಿಷ್ಕನ ತಂದೆ ವಿಮ ಕಡ್ಫೀಸಸ್‌ನದು. ಅದೇ ದೇವರು, ಅದೇ ಗೂಳಿ ಇದ್ದು ಖರೋಷ್ಠಿ ಬರಹ ಇಲ್ಲದಿದ್ದರೆ, ರಾಜನ ಪಕ್ಕದಲ್ಲಿ ತ್ರಿಶೂಲವೂ ಕಂಡರೆ, ಎರಡು ತಲೆಮಾರು ಈಚಿನ ವಾಸುದೇವನದೆಂದು ಊಹಿಸಬಹುದು. ರಾಜ ಆನೆಯ ಮೇಲೆ ಕೂತಿದ್ದರೆ, ಮಂಚದ ಮೇಲೆ ಒರಗಿದ್ದರೆ, ಚಕ್ಕಳಮಕ್ಕಳ ಹಾಕಿದ್ದರೆ ಹುವಿಷ್ಕನದು. ರಾಜ ನಿಂತಿದ್ದು, ಹಿಂಬದಿಯಲ್ಲಿ ಗೂಳಿಯಿಲ್ಲದೆ ಒಬ್ಬನೇ ದೇವರಿದ್ದು, ಬರಹ ಗ್ರೀಕ್ ಅಕ್ಷರಗಳಲ್ಲಿದ್ದರೆ ಹೆಚ್ಚಾಗಿ ಕನಿಷ್ಕನದು.

ಸೊನ್ನೆ, ತ್ರಿಕೋನ, ತ್ರಿಕೋನ, ಸೊನ್ನೆ

ಫೋಟೊದ ಇನ್ನೊಂದು ಮುಖದಲ್ಲಿ ಗಡ್ಡದ ದೇವರೊಬ್ಬ ಓಡುತ್ತಿದ್ದಾನೆ. ಎರಡೂ ಕೈಗಳಲ್ಲಿ ಹಿಡಿದ ಬಟ್ಟೆ ಹಿಂದೆ ಹಾರುತ್ತಿದೆ, ಕೂದಲು ಕೆದರಿದೆ. ಪಕ್ಕದಲ್ಲಿ ಮೇಲಿಂದ ಕೆಳಗೆ ನಾಲ್ಕು ಅಕ್ಷರ. ಹುಡುಗ ಅವನ್ನು ಚೆನ್ನಾಗಿಯೇ ಬಿಡಿಸಿ ಕಳಿಸಿದ್ದಾನೆ: ಒಂದು ಸೊನ್ನೆ, ನಡುವೆ ಅಡ್ಡಗೆರೆಯಿರುವ ತ್ರಿಕೋನ, ಬರಿಯ ತ್ರಿಕೋನ, ಮತ್ತೊಂದು ಸೊನ್ನೆ. ಇವು ಗ್ರೀಕ್ ಅಕ್ಷರಗಳು. ಓದಿದರೆ ‘ಓ-ಆ-ಡ-ಓ’. ಒಆಡೋ ಎಂದರೆ ಗಾಳಿದೇವರು.

ಅಕ್ಷರ ಗ್ರೀಕರದಾದರೂ ಭಾಷೆ ಗ್ರೀಕ್ ಅಲ್ಲ. ಅದು ಬ್ಯಾಕ್ಟ್ರಿಯನ್ ಎಂಬ, ಇರಾನಿನ ಭಾಷೆಗಳ ಬಳಗಕ್ಕೆ ಸೇರಿದ ನುಡಿ. ಸಂಸ್ಕೃತಕ್ಕೂ ಅದಕ್ಕೂ ದಾಯಾದಿ ಸಂಬಂಧ. ಒಆಡೋ ಎಂಬುದು ಸಂಸ್ಕೃತದ ‘ವಾತ’ಕ್ಕೆ ನೆಂಟ, ನಾವು ವಾತ, ಪಿತ್ತ, ಕಫ ಎನ್ನುವಾಗ ಬರುವ ಅದೇ ವಾತ. ಕನಿಷ್ಕನ ನಾಣ್ಯಗಳಲ್ಲಿ ತಲೆಯ ಸುತ್ತ ಕಿರಣಗಳಿರುವ ಸೂರ್ಯನ ಹೆಸರು ‘ಮಿಯಿರೋ’, ಅಂದರೆ ನಮ್ಮ ಮಿತ್ರ. ಭುಜದ ಹಿಂದೆ ಬಾಲಚಂದ್ರವಿರುವ ಚಂದ್ರನ ಹೆಸರು ‘ಮಾಓ’. ನಮ್ಮ ಮಾಸ, ಅಂದರೆ ತಿಂಗಳು, ಅದೇ ಬೇರಿನದು. ನಾಲ್ಕು ಕೈಗಳ ಶಿವನಂಥ ದೇವರ ಹೆಸರು ‘ಒಏಶೋ’. ಅಪರೂಪದ ಕೆಲವು ನಾಣ್ಯಗಳಲ್ಲಿ ‘ಬೊಡ್ಡೋ’ ಎಂಬ ಬರಹದೊಡನೆ ಬುದ್ಧನೇ ನಿಂತಿದ್ದಾನೆ. ಒಬ್ಬ ರಾಜನ ಹಣದ ಚೀಲದಲ್ಲಿ ಇಷ್ಟೊಂದು ಕಡೆಯ ದೇವರುಗಳು!

ರಾಜನ ಮುಖದಲ್ಲಿರುವ ಬರಹ ‘ಶಾಓ ಕಾನೇಶ್ಕಿ’, ದೊರೆ ಕನಿಷ್ಕ ಎಂದರ್ಥ. ಗ್ರೀಕರಿಗೆ ‘ಶ’ ಧ್ವನಿಯ ಅಕ್ಷರ ಇರಲಿಲ್ಲವಾದ್ದರಿಂದ ಕುಶಾನರು ಒಂದು ಹೊಸ ಅಕ್ಷರವನ್ನೇ ಸೇರಿಸಿಕೊಂಡರು: ನೆಟ್ಟ ಗೆರೆ, ಅದರ ಬಲಬದಿಯ ನಡುವೆ ಒಂದು ಸಣ್ಣ ಹೊಟ್ಟೆ. ನಿಮ್ಮ ನಾಣ್ಯದಲ್ಲಿ ಈ ಅಕ್ಷರ ಕಂಡರೆ ಅದು ಅಲೆಕ್ಸಾಂಡರನ ಕಡೆಯವರ ನಾಣ್ಯ ಅಲ್ಲವೇ ಅಲ್ಲ. ಕನಿಷ್ಕನ ಮೊದಮೊದಲ ನಾಣ್ಯಗಳಲ್ಲಿ ಭಾಷೆಯೂ ಗ್ರೀಕೇ. ಸೂರ್ಯನಿಗೆ ‘ಹೇಲಿಯೊಸ್’ ಎಂದೇ ಹೆಸರು. ಸ್ವಲ್ಪ ಕಾಲದಲ್ಲೇ ಅವನು ಗ್ರೀಕ್ ಬಿಟ್ಟು ತನ್ನವರ ಭಾಷೆಯನ್ನು ನಾಣ್ಯಕ್ಕೆ ತಂದ.

ಹೆಸರಿಲ್ಲದ ರಾಜ, ಲಿಪಿ ಕಲಿಸಿದ ನಾಣ್ಯ

ಇಷ್ಟು ಸಣ್ಣ ಬಿಲ್ಲೆಗೆ ಇಷ್ಟೊಂದು ಗಮನ ಏಕೆ ಎಂದು ಕೇಳಬಹುದು. ಮಧ್ಯ ಏಷ್ಯಾದ ಮತ್ತು ವಾಯವ್ಯ ಭಾರತದ ಗ್ರೀಕ್ ದೊರೆಗಳಲ್ಲಿ ಹೆಚ್ಚಿನವರ ಹೆಸರು ಯಾವ ಗ್ರಂಥದಲ್ಲೂ ಇಲ್ಲ. ನಾಣ್ಯ ಸಿಗದಿದ್ದರೆ ಅವರು ಇದ್ದರೆಂದೇ ನಮಗೆ ತಿಳಿಯುತ್ತಿರಲಿಲ್ಲ.

ಲಿಪಿಯ ವಿಷಯದಲ್ಲೂ ನಾಣ್ಯಗಳ ಉಪಕಾರ ದೊಡ್ಡದು. ಮಿನಾಂಡರ್, ಅಂದರೆ ಬೌದ್ಧ ಗ್ರಂಥ ‘ಮಿಲಿಂದಪನ್ಹ’ದ ಮಿಲಿಂದ, ತನ್ನ ನಾಣ್ಯದ ಒಂದು ಮುಖದಲ್ಲಿ ಗ್ರೀಕ್‌ನಲ್ಲಿ ‘ರಕ್ಷಕನಾದ ರಾಜ ಮಿನಾಂಡರನದು’ ಎಂದು ಬರೆಸಿದ. ಇನ್ನೊಂದು ಮುಖದಲ್ಲಿ ಅದನ್ನೇ ಪ್ರಾಕೃತದಲ್ಲಿ, ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿಯಲ್ಲಿ: ‘ಮಹರಜಸ ತ್ರತರಸ ಮೆನಂದ್ರಸ’. 1830ರ ದಶಕದಲ್ಲಿ ಚಾರ್ಲ್ಸ್ ಮ್ಯಾಸನ್ ಎಂಬಾತ ಕಾಬೂಲಿನ ಉತ್ತರಕ್ಕಿರುವ ಬೆಗ್ರಾಮ್ ಬಯಲಿನಲ್ಲಿ ಇಂಥ ನಾಣ್ಯಗಳನ್ನು ಹತ್ತಾರು ಸಾವಿರ ಸಂಗ್ರಹಿಸಿದ. ಗ್ರೀಕ್ ಹೆಸರು ಬದಲಾದಾಗ ಆಚೆ ಮುಖದ ಯಾವ ಅಕ್ಷರಗಳು ಬದಲಾಗುತ್ತವೆ ಎಂದು ಗಮನಿಸಿದ. ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್ ಆ ಸುಳಿವು ಹಿಡಿದು ಖರೋಷ್ಠಿಯನ್ನು ಓದತೊಡಗಿದ. 1837ರಲ್ಲಿ ಅಶೋಕನ ಬ್ರಾಹ್ಮಿ ಲಿಪಿಯ ಬೀಗ ತೆಗೆದವನೂ ಅವನೇ.

ಈ ಖರೋಷ್ಠಿಯನ್ನು ನೋಡಲು ಕಾಬೂಲಿಗೇ ಹೋಗಬೇಕಿಲ್ಲ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆಶಾಸನವಿದೆ. ಬಿ.ಎಲ್. ರೈಸ್ ಅದನ್ನು 1892ರಲ್ಲಿ ಬೆಳಕಿಗೆ ತಂದರು. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರು ಹಾಕಿ, ‘ಲಿಪಿಕಾರನಿಂದ’ ಎಂಬರ್ಥದ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯದ ಲಿಪಿ ಬಲ್ಲ ಒಬ್ಬ ಬರಹಗಾರ, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ, ನಮ್ಮ ಬಂಡೆಯ ಮೇಲೆ ತನ್ನ ಗುರುತು ಬಿಟ್ಟು ಹೋದ. ಶಾಲಾ ಪ್ರವಾಸ ಚಿತ್ರದುರ್ಗದ ಕೋಟೆಗೆ ಹೋದಾಗ ಮೇಷ್ಟ್ರುಗಳು ಬ್ರಹ್ಮಗಿರಿಗೂ ಒಂದು ದಿನ ಎತ್ತಿಡಬಾರದೇ?

ಇನ್ನೊಂದು ಸ್ವಾರಸ್ಯ ಹೇಳಬೇಕು. ‘ರಾಜರ ರಾಜ, ಮಹಾರಕ್ಷಕ’ ಎಂಬ ಬಿರುದು ಮಾತ್ರ ಇದ್ದು, ಹೆಸರೇ ಇಲ್ಲದ ಕುಶಾನ ನಾಣ್ಯಗಳು ಹೇರಳವಾಗಿ ಸಿಕ್ಕಿದ್ದವು. ಈ ರಾಜ ಯಾರೆಂದು ನೂರೈವತ್ತು ವರ್ಷ ಚರ್ಚೆ ನಡೆಯಿತು. 1993ರಲ್ಲಿ ಅಫ್ಘಾನಿಸ್ತಾನದ ರಬಾತಕ್ ಎಂಬಲ್ಲಿ ಕನಿಷ್ಕನ ಶಾಸನವೊಂದು ಸಿಕ್ಕಿತು. ಅದನ್ನು ಓದಿದವರು ನಿಕೊಲಸ್ ಸಿಮ್ಸ್-ವಿಲಿಯಮ್ಸ್. ಅದರಲ್ಲಿ ಕನಿಷ್ಕ ತನ್ನ ಮುತ್ತಜ್ಜ, ಅಜ್ಜ, ತಂದೆಯರ ಹೆಸರು ಹೇಳಿದ್ದಾನೆ. ಅಜ್ಜನ ಹೆಸರು ವಿಮ ತಕ್ತು. ಹೆಸರಿಲ್ಲದ ನಾಣ್ಯಗಳು ಅವನವೆಂದು ಈಗ ಹೆಚ್ಚಿನವರು ಒಪ್ಪುತ್ತಾರೆ.

ಮಧ್ಯ ಏಷ್ಯಾದ ಬೇರೆ ನಾಣ್ಯಗಳನ್ನೂ ಚುಟುಕಾಗಿ ನೆನಪಿಡಿ. ನಡುವೆ ಚೌಕ ತೂತಿದ್ದು ಬರಹ ಚೀನೀ ಆಗಿರದಿದ್ದರೆ, ಸಮರಕಂದದ ಸೀಮೆಯ ಸೋಗ್ದಿಯನ್ನರದು ಇರಬಹುದು. ಒಂದು ಮುಖದಲ್ಲಿ ಚೀನೀ ಬರಹ, ಇನ್ನೊಂದರಲ್ಲಿ ಕುದುರೆ ಮತ್ತು ಖರೋಷ್ಠಿ ಇದ್ದರೆ ಖೋತಾನಿನದು. ನಡುವೆ ಅಗ್ನಿವೇದಿಕೆ, ಅದರ ಎರಡೂ ಬದಿಗೆ ಕಾವಲಿನವರು ನಿಂತಿದ್ದರೆ ಇರಾನಿನ ಸಸಾನಿಯನ್ನರದು ಅಥವಾ ಅವರನ್ನು ನೋಡಿ ಮಾಡಿದ್ದು. ಬುಖಾರದಲ್ಲಿ ಅಂಥ ನಾಣ್ಯ ಬಹುಕಾಲ ನಡೆಯಿತು.

ಅಸಲಿಯೋ ನಕಲಿಯೋ?

ಫೋಟೊ ನೋಡಿ ‘ಇದು ಕನಿಷ್ಕನ ಗಾಳಿದೇವರ ಮಾದರಿಯ ನಾಣ್ಯ’ ಎನ್ನಬಹುದು. ‘ಇದು ಅಸಲಿ’ ಎನ್ನಲು ಅದು ಕೈಯಲ್ಲಿರಬೇಕು. ಆ ಕಾಲದ ಕುಶಾನ ನಾಣ್ಯಗಳನ್ನು ಬಿಸಿ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಆದ್ದರಿಂದ ಚಿತ್ರ ಒಂದು ಬದಿಗೆ ಸರಿದಿರುವುದು, ಅಂಚು ಸ್ವಲ್ಪ ಬಿರುಕು ಬಿಟ್ಟಿರುವುದು ಸಹಜ. ಪ್ರವಾಸಿಗರಿಗಾಗಿ ಮಾಡುವ ನಕಲಿಗಳಲ್ಲಿ ಅನೇಕವು ಎರಕದವು. ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆ ಸೂಜಿಮೊನೆಯಂಥ ಗುಳಿಗಳು, ಅಂಚಿನ ಸುತ್ತ ಕೂಡುಗೆರೆ ಅಥವಾ ಅರದಿಂದ ಅದನ್ನು ಉಜ್ಜಿದ ಗುರುತು, ಅಕ್ಷರಗಳ ಅಂಚು ಸಾಬೂನಿನಂತೆ ನುಣುಪು ಕಾಣಬಹುದು. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಬಿರುಕು ಕಂಡರೆ ಎರಡನ್ನೂ ಸಂಶಯಿಸಿ.

ಬೆಲೆಯ ಮಾತು

ಸವೆದ ಕುಶಾನ ತಾಮ್ರದ ನಾಣ್ಯಗಳು ಅಪರೂಪವಲ್ಲ. ಮ್ಯಾಸನ್ ಒಬ್ಬನಿಗೇ ಎಷ್ಟು ಸಿಕ್ಕವು ನೋಡಿದಿರಲ್ಲ. ಆದ್ದರಿಂದ ಲಕ್ಷಗಳ ಕನಸು ಬೇಡ. ‘ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ’ ಎಂದು ಫೋನಿನಲ್ಲಿ ಹೇಳುವವರನ್ನು ನಂಬಲೇಬೇಡಿ. ತನ್ನ ಹೆಸರು ಹೇಳಿಕೊಂಡು ಹೀಗೆ ಮೋಸ ಮಾಡುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚೀನ ವಸ್ತು. ವಿದೇಶದ ಬಂಧುಗಳಿಗೆ ಉಡುಗೊರೆಯಾಗಿ ಕಳಿಸುವಂತಿಲ್ಲ.

ನಿಜವಾದ ಬೆಲೆ ಬೇರೆ ಕಡೆ ಇದೆ. ನಮ್ಮ ಬೆಂಗಳೂರಿನದೇ ಉದಾಹರಣೆ ನೋಡಿ. ಕೆಂಗೇರಿಯಿಂದ ಹೆಚ್ಚು ದೂರವಲ್ಲದ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಎಚ್‌ಎಎಲ್ ವಿಮಾನ ನಿಲ್ದಾಣದ ಪ್ರದೇಶದಲ್ಲಿ 1965ರಲ್ಲಿ ಇನ್ನೂ 256. ಅಗಸ್ಟಸ್, ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ಯುರೋಪಿನಲ್ಲಿ ಬೇಕಾದಷ್ಟಿವೆ. ಆದರೆ ಯಶವಂತಪುರದಲ್ಲಿ ಸಿಕ್ಕವೆಂದು ಬರೆದಿಟ್ಟಿದ್ದರಿಂದಲೇ, ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಹಣ ಈ ನೆಲಕ್ಕೆ ಬಂದಿತ್ತೆಂದು ಹೇಳಬಲ್ಲೆವು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ಟೈಬೀರಿಯಸ್‌ನ ಒಂದು ಬೆಳ್ಳಿ ನಾಣ್ಯ ಸಿಕ್ಕಿತು. ಯಾವ ಪದರದಲ್ಲಿ ಎಂದು ಗುರುತು ಮಾಡಿಕೊಂಡಿದ್ದರಿಂದ, ಅದರ ಜೊತೆಗಿದ್ದ ಮಡಕೆ ಚೂರುಗಳ ಕಾಲವನ್ನೂ ಅಂದಾಜು ಮಾಡಲು ಆಧಾರ ದೊರೆಯಿತು. ಒಂದು ನಾಣ್ಯ ಇಡೀ ಊರಿನ ವಯಸ್ಸು ಹೇಳಿತು.

ದೆಹಲಿಯ ಬೀದಿಯಲ್ಲಿ ಕೊಂಡ ನಾಣ್ಯ ಆ ಶಕ್ತಿಯನ್ನು ಕಳೆದುಕೊಂಡಿದೆ. ಅದು ಯಾರದೆಂದು ಹೇಳಬಹುದು, ಎಲ್ಲಿಯದೆಂದು ಹೇಳಲಾಗದು. ಅದನ್ನು ಅಗೆದವನಿಗೆ ಗೊತ್ತಿತ್ತು. ಅವನು ಯಾರಿಗೂ ಹೇಳಲಿಲ್ಲ, ಕೊಂಡವರು ಯಾರೂ ಕೇಳಲಿಲ್ಲ. ಓದಲು ಕಲಿಯುವುದಕ್ಕೆ ಅದು ಒಳ್ಳೆಯ ಪಾಠಪುಸ್ತಕವಾಗಿ ಉಳಿದಿದೆ, ಅಷ್ಟೇ.

ಆದ್ದರಿಂದ ಈ ವಾರದ ಕೆಲಸ ಇದು. ಮನೆಯಲ್ಲಿ ಹಳೆಯ ನಾಣ್ಯಗಳಿದ್ದರೆ, ಅವು ಮಧ್ಯ ಏಷ್ಯಾದವೇ ಆಗಬೇಕಿಲ್ಲ, ಟಿಪ್ಪುವಿನ ಕಾಸಾಗಲಿ, ಮೈಸೂರು ಅರಸರ ದುಡ್ಡಾಗಲಿ, ಒಂದೊಂದಕ್ಕೂ ಒಂದು ಕಾಗದದ ಲಕೋಟೆ ಮಾಡಿ. ಮೇಲೆ ಲೋಹ, ತೂಕ, ಅಗಲ, ಎರಡೂ ಮುಖಗಳಲ್ಲಿ ಕಂಡದ್ದನ್ನು ಬರೆಯಿರಿ. ಓದಲು ಬಾರದ ಅಕ್ಷರವನ್ನು ಕಂಡಂತೆ ಬಿಡಿಸಿ, ಊಹಿಸಿ ತುಂಬಬೇಡಿ. ಕೊನೆಯ ಸಾಲಿನಲ್ಲಿ ‘ಯಾರಿಂದ ಬಂತು, ಎಲ್ಲಿ ಸಿಕ್ಕಿತು’ ಎಂದು ಬರೆಯಿರಿ. ಅದು ಗೊತ್ತಿರುವವರು ಅಜ್ಜಿಯೋ ತಾತನೋ ಆಗಿರುತ್ತಾರೆ. ಇವತ್ತು ಭಾನುವಾರ, ಅವರು ಮನೆಯಲ್ಲೇ ಇರುತ್ತಾರೆ. ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯ ಸಿಕ್ಕರೆ ಮಾತ್ರ ಲಕೋಟೆಗೆ ಹಾಕಿ ಸುಮ್ಮನಾಗಬೇಡಿ. ಸಿಕ್ಕ ಜಾಗದ ಫೋಟೊ ತೆಗೆದು, ಅಲ್ಲಿ ಮತ್ತೆ ಅಗೆಯದೆ ಜಿಲ್ಲಾಧಿಕಾರಿಗಳ ಕಚೇರಿಗೆ ತಿಳಿಸಿ. ಕಾನೂನು ಕೇಳುವುದೂ ಅದನ್ನೇ, ಇತಿಹಾಸ ಕೇಳುವುದೂ ಅದನ್ನೇ.